ಪಾಠದ ಹಂಚಿಕೆ, ಲೆಕ್ಕದ ಹಂಚಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹುಡುಗ ಹುಡುಗಿಯರಿಗೆ ಸಂಗೀತ ಕಲಿಯಲು ಧಾರವಾಡದ ಬಸ್ಸು ಹತ್ತುವುದೊಂದೇ ದಾರಿ ಎನ್ನುವ ಕಾಲ ಈಗಿಲ್ಲ. 2020ರ ಲಾಕ್‌ಡೌನ್‌ನಿಂದೀಚೆಗೆ ಮೊಬೈಲಿನಲ್ಲಿಯೇ ಪಾಠ ನಡೆಯುವುದು ರೂಢಿಗೆ ಬಂದಿದೆ. ರೂಢಿಯ ಜೊತೆಗೆ ಒಂದು ತಕರಾರೂ ಬಂದಿದೆ. ತರಗತಿಯ ಹಾಜರಿ, ಫೀ, ಪಲಟಾಗಳ ತಾಲೀಮು ಇವನ್ನೆಲ್ಲ ಗುರುಗಳು ತಮ್ಮ ಹಿರಿಯ ಶಿಷ್ಯನಿಗೋ ಶಿಷ್ಯೆಗೋ ಒಪ್ಪಿಸುತ್ತಾರೆ. ರೊಕ್ಕ ಕೊಟ್ಟದ್ದು ಮಾಸ್ತರರಿಗೆ, ಕಲಿಸುವವನು ಶಿಷ್ಯನೇಕೆ ಎಂಬುದು ಪಾಲಕರ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಇದಕ್ಕೆ ನಮ್ಮ ಭಾಗದ ಸಂಗೀತ ಚರಿತ್ರೆಯಲ್ಲಿ ಉತ್ತರ ಹುಡುಕಬಹುದೇ ನೋಡೋಣ.

ಮೊದಲು ಸ್ವಲ್ಪ ವಿಜ್ಞಾನ. ಗುರುಶಿಷ್ಯರು ಎದುರುಬದುರು ಕುಳಿತಾಗ ಮೂರು ಮೀಟರ್ ದೂರ ದಾಟಲು ಸ್ವರಕ್ಕೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತೂ ಬೇಕಿಲ್ಲ. ಅಂತರ್ಜಾಲದಲ್ಲಿ ಅದೇ ಸ್ವರವನ್ನು ಅಂಕಿಗಳನ್ನಾಗಿ ಮಾಡಿ, ಕಳಿಸಿ, ಮತ್ತೆ ಸ್ವರವಾಗಿಸುವಷ್ಟರಲ್ಲಿ ಅದರ ಹತ್ತಿಪ್ಪತ್ತು ಪಟ್ಟು ಹೊತ್ತು ಕಳೆದಿರುತ್ತದೆ. ಆದ್ದರಿಂದ ಗುರುವಿನೊಡನೆ ದನಿಗೂಡಿಸಿ ಹಾಡಲಾಗದು. ತಬಲಾ ಹಿಡಿದರೆ ಸಮ್ ತಪ್ಪುತ್ತದೆ. ಇನ್ನು ತಂಬೂರಿಯ ಪಾಡು! ಒಂದೇ ಸಮನೆ ಮಿಡಿಯುವ ಅದರ ನಾದವನ್ನು ಗದ್ದಲ ಸೋಸುವ ತಂತ್ರಾಂಶವು ಫ್ಯಾನಿನ ಸದ್ದೆಂದು ಬಗೆದು ಅಳಿಸಲು ನೋಡುತ್ತದೆ. ಒಬ್ಬರಾದ ಮೇಲೆ ಒಬ್ಬರು ಹಾಡಬೇಕು, ಉಳಿದವರ ಮೈಕು ಮುಚ್ಚಿರಬೇಕು. ಹೀಗಾಗಿ ಹತ್ತು ಮಕ್ಕಳ ತರಗತಿಯಲ್ಲಿ ಒಂಬತ್ತು ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ. ಆ ಒಂಬತ್ತು ಮಂದಿಯನ್ನು ನೋಡಿಕೊಳ್ಳಲು, ಅವರು ಹಾಡಿ ಕಳಿಸಿದ ಧ್ವನಿಮುದ್ರಣ ಕೇಳಲು ಇನ್ನೊಂದು ಜೊತೆ ಕಿವಿ ಬೇಕೇ ಬೇಕು.

ಆದರೆ ಇದು ಫೋನು ತಂದ ಹೊಸ ಚಾಳಿಯೇನಲ್ಲ. ನಮ್ಮ ಸಣ್ಣಾಟದ ತಾಲೀಮುಗಳಲ್ಲಿಯೂ ಮಾಸ್ತರ ಒಬ್ಬನೇ ಎಲ್ಲವನ್ನೂ ಕಲಿಸುತ್ತಿರಲಿಲ್ಲ. ಹಳೆಯ ಪಾತ್ರಧಾರಿ ಹೊಸಬನಿಗೆ ಮಾತು ಹೇಳಿಕೊಡುತ್ತಿದ್ದ, ಪೇಟಿಯವನು ಧಾಟಿ ತಿದ್ದುತ್ತಿದ್ದ. (ನಂಬಿದವನ ಕೈಗೆ ಎಷ್ಟನ್ನು ಕೊಡಬೇಕು ಎಂಬ ಮಾತು ಬಂದಾಗ ಬೈಲಹೊಂಗಲದ ಹಿರಿಯರಿಗೆ ತಮ್ಮೂರಿನ ಕಥೆಯೇ ಆದ 'ಸಂಗ್ಯಾ-ಬಾಳ್ಯಾ' ನೆನಪಾದರೆ ಆಶ್ಚರ್ಯವಿಲ್ಲ. ಗೆಳೆಯನನ್ನು ಹಣಕ್ಕೆ ಒಪ್ಪಿಸಿಕೊಟ್ಟ ಬಾಳ್ಯಾನನ್ನು ಆ ಸೀಮೆ ಮರೆತಿಲ್ಲ.)

ಈ ಹಂಚಿಕೆಗೆ ಶಾಲೆಯ ರೂಪ ಕೊಟ್ಟವರು ಬೆಳಗಾವಿ ಜಿಲ್ಲೆಯ ಗಡಿಯಾಚೆಗಿನ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು. 1901ರ ಮೇ 5ರಂದು ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅದು ರಾಜಾಶ್ರಯದ ಶಾಲೆಯಲ್ಲ. ಜನರ ದೇಣಿಗೆ ಮತ್ತು ಕಛೇರಿಗಳ ಹುಟ್ಟುವಳಿಯ ಮೇಲೆ ನಡೆಯಬೇಕಾದ ಶಾಲೆ. ಗುರುಗಳು ಊರೂರು ತಿರುಗಲೇಬೇಕು. ತಿರುಗುವಾಗ ಪಾಠ ನಿಲ್ಲಬಾರದು. ಅದಕ್ಕಾಗಿ ಅವರು ಉಪದೇಶಕರೆಂಬ ಒಂದು ವರ್ಗವನ್ನೇ ಬೆಳೆಸಿದರು. ಹಲವು ವರ್ಷ ಶಾಲೆಯಲ್ಲೇ ಉಂಡು, ಮಲಗಿ, ಕಲಿತವರು ಮುಂದೆ ಕಲಿಸುವ ಹೊಣೆ ಹೊರಬೇಕು. ಸ್ವರಲಿಪಿಯನ್ನು ರೂಪಿಸಿ ಪುಸ್ತಕ ಅಚ್ಚು ಹಾಕಿಸಿದ್ದರಿಂದ ಗುರು ಎಲ್ಲಿದ್ದರೂ ಇವರೆಲ್ಲರ ಕೈಯಲ್ಲಿ ಪಾಠ ಒಂದೇ ಆಗಿರುತ್ತಿತ್ತು. 1908ರಲ್ಲಿ ಮುಂಬಯಿ ಶಾಖೆ ಆರಂಭವಾಯಿತು. 1916ರಲ್ಲಿ ಲಾಹೋರಿನ ಹೊಣೆಯನ್ನು ಓಂಕಾರನಾಥ ಠಾಕೂರರಿಗೆ ವಹಿಸಿದರು. ಠಾಕೂರರ ವಯಸ್ಸು ಆಗ ಇಪ್ಪತ್ತರ ಆಸುಪಾಸು.

ಪಾಠವನ್ನು ಇಷ್ಟು ಧಾರಾಳವಾಗಿ ಹಂಚಿದ ಪಲುಸ್ಕರರು ಸಾಲದ ಹೊರೆಯನ್ನು ಮಾತ್ರ ತಮ್ಮ ಹೆಗಲ ಮೇಲೆಯೇ ಇಟ್ಟುಕೊಂಡರು. ಮುಂಬಯಿ ಕಟ್ಟಡಕ್ಕೆ ಮಾಡಿದ ಸಾಲ ಏರುತ್ತ ಹೋಯಿತು. 1924ರ ಹೊತ್ತಿಗೆ ಕಟ್ಟಡ ಹರಾಜಾಯಿತು. ಅವರು 1931ರ ಆಗಸ್ಟಿನಲ್ಲಿ ತೀರಿಕೊಂಡರು. ಕಟ್ಟಡ ಹೋದರೂ ಕಲಿಸಬಲ್ಲವರು ಉಳಿದಿದ್ದರು. ಅದೇ ವರ್ಷ ಶಿಷ್ಯರು ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಬೆಳಗಾವಿ, ಧಾರವಾಡದ ಕಡೆಯ ಮಕ್ಕಳು ಇಂದಿಗೂ ಕಟ್ಟುವ 'ಗಾಂಧರ್ವ' ಪರೀಕ್ಷೆಗಳು ಆ ಮಂಡಲದವೇ.

ಅವರ ಶಿಷ್ಯ ಬಿ.ಆರ್. ದೇವಧರರು ಮುಂಬಯಿಯಲ್ಲಿ ನಡೆಸಿದ ಸಂಗೀತ ಶಾಲೆಗೆ 1936ರಲ್ಲಿ ನಮ್ಮ ಸುಳೇಭಾವಿಯ ಹುಡುಗನೊಬ್ಬ ಸೇರಿದ. ಹೆಸರು ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ. ಕಲಿಯಲು ಹೋದವರು ಅಲ್ಲಿಯೇ ಕಲಿಸಲೂ ತೊಡಗಿದರು. ಅವರ ಬಳಿ ಕುಳಿತ ವಿದ್ಯಾರ್ಥಿಗಳ ಪಾಲಕರು ದೇವಧರರೇ ಯಾಕೆ ಕಲಿಸುವುದಿಲ್ಲ ಎಂದು ಜಗಳ ತೆಗೆದಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದರು!

ಇನ್ನೊಂದು ಉದಾಹರಣೆಗೆ ಮಲಪ್ರಭೆಯ ಜಾಡು ಹಿಡಿದು ಹೋಗಬೇಕು. ಎಂ.ಕೆ. ಹುಬ್ಬಳ್ಳಿಯ ಸೇತುವೆ ದಾಟಿ, ಬೈಲಹೊಂಗಲದ ಸೀಮೆ ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗವನ್ನು ಬಳಸಿ ಮುಂದೆ ಹರಿಯುವ ಈ ಹೊಳೆಯ ದಂಡೆಯಲ್ಲಿ, ಬಾದಾಮಿಯ ಬಳಿ, ಶಿವಯೋಗಮಂದಿರವಿದೆ. 1909ರಲ್ಲಿ ಅದನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟುಕುರುಡನಾದ ಗದಿಗೆಯ್ಯನೆಂಬ ಹುಡುಗನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆತನೇ ಪಂಚಾಕ್ಷರಿ ಗವಾಯಿಗಳು. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಅವರು ಸಂಗೀತ ಪಾಠಶಾಲೆಯನ್ನೇ ಊರಿಂದೂರಿಗೆ ಕರೆದೊಯ್ದರು. ಕೊನೆಗೆ ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ಕಂಡಿತು.

ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯರು. ಇಲ್ಲಿ ಸಹಾಯಕ ಎಂದರೆ ಅನುಕೂಲವಲ್ಲ, ಅಗತ್ಯ. ಹಿರಿಯ ವಿದ್ಯಾರ್ಥಿ ಕಿರಿಯನ ಬೆರಳು ಹಿಡಿದು ಪೇಟಿಯ ಮನೆಗಳ ಮೇಲಿಡಬೇಕು, ಊಟದ ಸಾಲಿಗೆ ಕರೆತರಬೇಕು, ನಸುಕಿನ ಸಾಧನೆಗೆ ಎಬ್ಬಿಸಬೇಕು. ಎಲ್ಲರೊಳಗೆ ಗುರುಗಳ ನಂಬಿಕೆ ಗಳಿಸಿದವರು ಪುಟ್ಟರಾಜರು. 1914ರ ಮಾರ್ಚ್ 3ರಂದು ಹುಟ್ಟಿ, ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು ಅವರು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮ ಮುಚ್ಚಲಿಲ್ಲ. ಮೂವತ್ತು ವರ್ಷದ ಪುಟ್ಟರಾಜರು ಹೊಣೆ ಹೊತ್ತರು. ಪಾಠದಷ್ಟೇ ದೊಡ್ಡ ಹೊಣೆ ಅನ್ನದ್ದು. ಅದಕ್ಕಾಗಿ ನಾಟಕ ಬರೆದರು, ಕಂಪನಿ ನಡೆಸಿದರು. ಭಕ್ತರು ಊರೂರಲ್ಲಿ ಮಾಡಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಹೋಯಿತು. ಟಿಕೆಟ್ಟು ಹರಿದದ್ದೂ, ತಕ್ಕಡಿಗೆ ನಾಣ್ಯ ಸುರಿದದ್ದೂ ಹತ್ತು ಜನರ ಕಣ್ಣೆದುರಿಗೆ. 1968ರಲ್ಲಿ ಅಲ್ಲಿಗೆ ಸೇರಿದ ಬಳ್ಳಾರಿ ಸೀಮೆಯ ವೆಂಕಟೇಶಕುಮಾರರು ಇಂದು ದೇಶ ಬಲ್ಲ ಗಾಯಕರು. 2010ರ ಸೆಪ್ಟೆಂಬರ್ 17ರಂದು ಪುಟ್ಟರಾಜರು ಅಗಲಿದ ಮೇಲೆ ಕಲ್ಲಯ್ಯಜ್ಜನವರು ಹೊಣೆ ಹೊತ್ತರು, ಪಾಠ ಮುಂದುವರಿಯಿತು.

ಈಗ ಪಾಲಕರ ಪ್ರಶ್ನೆಗೆ ಬರೋಣ. ಶಿಷ್ಯ ಕಲಿಸುತ್ತಾನೆಂಬುದು ದೂರಬೇಕಾದ ಸಂಗತಿಯೇ ಅಲ್ಲ ಎಂದು ನನಗೆ ತೋರುತ್ತದೆ. ಅವನು ಗುರುವಿನ ಮುಂದೆ ಎಷ್ಟು ವರ್ಷ ಕುಳಿತಿದ್ದಾನೆ, ಅವನು ತಿದ್ದಿದ ಮಗುವನ್ನು ಗುರುಗಳು ವಾರಕ್ಕೊಮ್ಮೆಯಾದರೂ ತಾವೇ ಕೇಳುತ್ತಾರೆಯೇ ಎಂದು ವಿಚಾರಿಸುವುದು ಉಚಿತ. ಹೊಸ ರಾಗ ಯಾವಾಗ ಕೊಡಬೇಕು, ಯಾರನ್ನು ವೇದಿಕೆಗೆ ಹತ್ತಿಸಬೇಕು ಎಂಬ ತೀರ್ಮಾನ ಗುರುವಿನದಾಗಿಯೇ ಇರಲಿ. ನನ್ನ ಚಿಂತೆ ಬೇರೆ. ಎಷ್ಟೋ ಮೊಬೈಲ್ ತರಗತಿಗಳಲ್ಲಿ ಮಕ್ಕಳ ಹೆಸರು, ಫೀ ಲೆಕ್ಕ, ವರ್ಷಗಟ್ಟಲೆಯ ಪಾಠಗಳ ಧ್ವನಿಮುದ್ರಣ ಎಲ್ಲವೂ ಒಬ್ಬರದೇ ಫೋನಿನಲ್ಲಿರುತ್ತವೆ, ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿರುತ್ತದೆ. ಆ ಫೋನು ಸವದತ್ತಿಯ ಜಾತ್ರೆಯ ಗದ್ದಲದಲ್ಲಿ ಕಳೆದುಹೋದರೆ ಮರುದಿನದ ಪಾಠದ ಕೊಂಡಿಯನ್ನು ಮಕ್ಕಳಿಗೆ ಯಾರು ಕಳಿಸಬೇಕು?