ಕಳೆದುಹೋದ ಎರಡು ಹಡಗು, ಲಂಡನ್ ನಂಬದ ಮಾತು

ಫ್ರೆಂಡ್ಸ್, ಇವತ್ತಿನ ಕಥೆ ಉತ್ತರ ಧ್ರುವದ ಕಡೆಯದು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1845ರ ಮೇ ತಿಂಗಳು. ಎರೆಬಸ್, ಟೆರರ್ ಅನ್ನೋ ಎರಡು ಹಡಗುಗಳು ಇಂಗ್ಲೆಂಡಿನಿಂದ ಹೊರಟವು. ಕೆನಡಾದ ಉತ್ತರಕ್ಕಿರುವ ಹಿಮದ ಸಮುದ್ರ ದಾಟಿ ಏಷ್ಯಾಗೆ ದಾರಿ ಹುಡುಕೋದು ಕೆಲಸ. ಮುಖ್ಯಸ್ಥ ಸರ್ ಜಾನ್ ಫ್ರಾಂಕ್ಲಿನ್. ಮೂರು ವರ್ಷಕ್ಕಾಗೋಷ್ಟು ಆಹಾರ, ಸ್ಟೀಮ್ ಎಂಜಿನ್, ಓದೋಕೆ ಸಾವಿರಕ್ಕೂ ಹೆಚ್ಚು ಪುಸ್ತಕ. ಇಷ್ಟೆಲ್ಲ ತಯಾರಿ ಮಾಡ್ಕೊಂಡು ಹೋದ 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ.

1846ರ ಸೆಪ್ಟೆಂಬರ್‌ನಲ್ಲಿ ಕಿಂಗ್ ವಿಲಿಯಂ ದ್ವೀಪದ ಹತ್ತಿರ ಎರಡೂ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು. ಬೇಸಿಗೆ ಬಂದ್ರೂ ಮಂಜು ಕರಗಿ ದಾರಿ ಬಿಡಲಿಲ್ಲ. 1847ರ ಜೂನ್‌ನಲ್ಲಿ ಫ್ರಾಂಕ್ಲಿನ್ ತೀರಿಕೊಂಡರು. 1848ರ ಏಪ್ರಿಲ್‌ನಲ್ಲಿ ಉಳಿದ 105 ಜನ ಹಡಗು ಬಿಟ್ಟು ದಕ್ಷಿಣಕ್ಕೆ ನಡೆಯೋಕೆ ಹೊರಟರು. ಇಷ್ಟೂ ಗೊತ್ತಾಗಿದ್ದು ಅವರು ಕಲ್ಲಿನ ಗುಡ್ಡೆಯಲ್ಲಿ ಇಟ್ಟುಹೋದ ಒಂದು ಕಾಗದದಿಂದ. ಅದು ಸಿಕ್ಕಿದ್ದು 1859ರಲ್ಲಿ. ಕಾಗದದ ಕಥೆ ಅಲ್ಲಿಗೆ ಮುಗಿಯಿತು.

ಆದ್ರೆ ಮುಂದೇನಾಯ್ತು ಅಂತ ಅಲ್ಲಿನ ಇನುಯಿಟ್ ಜನಕ್ಕೆ ಗೊತ್ತಿತ್ತು. ಬಾಯಿಂದ ಬಾಯಿಗೆ ಬಂದ ಆ ಸುದ್ದಿಯನ್ನ 1854ರಲ್ಲೇ ಜಾನ್ ರೇ ಅನ್ನೋ ಡಾಕ್ಟರ್‌ಗೆ ಹೇಳಿದ್ರು: ಬಿಳಿಯರು ಹಸಿವಿಂದ ಸತ್ತರು, ಕೊನೆಕೊನೆಗೆ ಸತ್ತವರ ಮಾಂಸವನ್ನೇ ತಿಂದರು. ಜೊತೆಗೆ ಫ್ರಾಂಕ್ಲಿನ್ ತಂಡದ ಬೆಳ್ಳಿ ಚಮಚ, ಫೋರ್ಕ್‌ಗಳನ್ನೂ ಕೊಟ್ಟರು.

ಲಂಡನ್‌ಗೆ ಇದು ಸಹಿಸೋಕಾಗಲಿಲ್ಲ. ಚಾರ್ಲ್ಸ್ ಡಿಕನ್ಸ್ ಅಂಥ ದೊಡ್ಡ ಲೇಖಕರೇ ತಮ್ಮ ಪತ್ರಿಕೆಯಲ್ಲಿ, ಇಂಗ್ಲಿಷರು ಹೀಗೆ ಮಾಡೋರಲ್ಲ, ಇನುಯಿಟ್ ಮಾತು ನಂಬೋ ಹಾಗಿಲ್ಲ ಅಂತ ವಾದಿಸಿದರು.

ಆಮೇಲೆ? 1990ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿ ಸಿಕ್ಕ ಮೂಳೆಗಳ ಮೇಲೆ ಚಾಕುವಿನ ಗುರುತು ಕಂಡರು. ಒಂದು ಹಡಗು ದಕ್ಷಿಣದ ಕಡೆ ಮುಳುಗಿದೆ ಅಂತ ಇನುಯಿಟ್ ಹಿರಿಯರು ಹೇಳ್ತಾ ಬಂದಿದ್ರು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಆ ಕಡೆಯೇ. 2016ರಲ್ಲಿ ಸ್ಯಾಮಿ ಕೊಗ್ವಿಕ್ ಅನ್ನೋ ಇನುಯಿಟ್ ವ್ಯಕ್ತಿ, ಮಂಜುಗಡ್ಡೆಯಿಂದ ಮರದ ಕಂಬ ಎದ್ದು ನಿಂತಿದ್ದನ್ನ ನೋಡಿದ್ದೆ ಅಂತ ಹುಡುಕೋ ತಂಡಕ್ಕೆ ಹೇಳಿದ. ಅವನು ಹೇಳಿದ ಕೊಲ್ಲಿಯಲ್ಲೇ ಟೆರರ್ ಇತ್ತು.

ನಾವು ಬಿಕಾಂನೋರು ವೋಚರ್ ಇಲ್ಲ ಅಂದ್ರೆ ಎಂಟ್ರಿ ಒಪ್ಪಲ್ಲ. ಆದ್ರೆ ಇಲ್ಲಿ ಬೆಳ್ಳಿ ಚಮಚದ ರೂಪದಲ್ಲಿ ವೋಚರ್ ಕೂಡ ಇತ್ತು. ಒಪ್ಪದೇ ಇದ್ದಿದ್ದು ಹೇಳಿದವರು ಯಾರು ಅನ್ನೋ ಕಾರಣಕ್ಕೆ. ನಿಮ್ಮ ಊರಲ್ಲೂ ಅಜ್ಜ ಅಜ್ಜಿ ಹೇಳೋ ಹಳೇ ಕಥೆ ಇದ್ರೆ, ತಳ್ಳಿಹಾಕೋ ಮುಂಚೆ ಒಂದ್ಸಲ ಪರೀಕ್ಷಿಸಿ ನೋಡಿ. ಕಾಮೆಂಟಲ್ಲಿ ಬರೀರಿ, ಓದ್ತೀನಿ.

#ಇತಿಹಾಸ #ಹಿಮದಹಡಗು #ಕನ್ನಡದಲ್ಲಿಓದಿ