ಹೋಶಂಗಾಬಾದಿನ ವಿಜ್ಞಾನ ಪಾಠ: ಹಳ್ಳಿ ಶಾಲೆಗೆ ವಿಶ್ವವಿದ್ಯಾಲಯ ಬಂದಾಗ

ಮಧ್ಯಪ್ರದೇಶದಲ್ಲಿ ನರ್ಮದೆಯ ದಂಡೆಗಿರುವ ಹೋಶಂಗಾಬಾದ್ ಜಿಲ್ಲೆಗೆ 2022ರಿಂದ ನರ್ಮದಾಪುರಂ ಎಂಬ ಹೆಸರು. 1972ರಿಂದ 2002ರವರೆಗೆ, ಮೂವತ್ತು ವರ್ಷ, ಇಲ್ಲಿಯ ಸರ್ಕಾರಿ ಶಾಲೆಗಳ 6, 7 ಮತ್ತು 8ನೇ ತರಗತಿಯ ಮಕ್ಕಳು ವಿಜ್ಞಾನವನ್ನು ಪ್ರಯೋಗ ಮಾಡಿ ಕಲಿತರು. ಇದರ ಹೆಸರು ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ. ಹಳ್ಳಿಯ ಮೇಷ್ಟ್ರುಗಳು, ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಮುಂಬೈನ ವಿಜ್ಞಾನಿಗಳು ಮತ್ತು ರಾಜ್ಯದ ಶಿಕ್ಷಣ ಇಲಾಖೆ ಇಷ್ಟು ದೀರ್ಘಕಾಲ ಕೂಡಿ ನಡೆಸಿದ ಇಂಥ ಕೆಲಸ ನಮ್ಮ ದೇಶದಲ್ಲಿ ಅಪರೂಪ.

ಹುಟ್ಟು

ಅನಿಲ್ ಸದ್‌ಗೋಪಾಲ್ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನಿಯಾಗಿದ್ದವರು. ಆ ಕೆಲಸ ಬಿಟ್ಟು ಹೋಶಂಗಾಬಾದ್ ಜಿಲ್ಲೆಯ ಹಳ್ಳಿಯೊಂದಕ್ಕೆ ಬಂದು ಕಿಶೋರ್ ಭಾರತಿ ಎಂಬ ಸಂಸ್ಥೆ ಕಟ್ಟಿದರು. ಜಿಲ್ಲಾಕೇಂದ್ರದ ಪಕ್ಕದ ರಸೂಲಿಯಾದಲ್ಲಿ ಕ್ವೇಕರ್ ಪಂಥದವರ ಗ್ರಾಮಕೇಂದ್ರವೊಂದು ಮೊದಲಿನಿಂದಲೂ ಇತ್ತು. ಈ ಎರಡೂ ಸಂಸ್ಥೆಗಳು ಸೇರಿ ಸರ್ಕಾರದ ಅನುಮತಿ ಪಡೆದು 1972ರಲ್ಲಿ 16 ಶಾಲೆಗಳಲ್ಲಿ ಕೆಲಸ ಶುರುಮಾಡಿದವು.

ಆ ಶಾಲೆಗಳು ಸರ್ಕಾರಿ ಶಾಲೆಗಳು, ಶಿಕ್ಷಕರು ಸರ್ಕಾರಿ ನೌಕರರು. ಬೇರೆ ಮಾದರಿ ಶಾಲೆ ಕಟ್ಟಿ ತೋರಿಸುವ ಸುಲಭದ ದಾರಿಯನ್ನು ಇವರು ಹಿಡಿಯಲಿಲ್ಲ. ಬೆಂಚಿಲ್ಲದ ಕೋಣೆ, ಪ್ರಯೋಗಾಲಯವಿಲ್ಲದ ಶಾಲೆ, ಪಿಯುಸಿಯ ಆಚೆ ವಿಜ್ಞಾನ ಓದದ ಶಿಕ್ಷಕ, ಇದ್ದದ್ದನ್ನು ಇದ್ದ ಹಾಗೆಯೇ ಒಪ್ಪಿಕೊಂಡು ಮುಂದೆ ಹೋದರು. ನನ್ನ ಮಟ್ಟಿಗೆ ಈ ಕಾರ್ಯಕ್ರಮದ ದೊಡ್ಡತನ ಇರುವುದು ಇಲ್ಲಿ.

ಪ್ರಾಧ್ಯಾಪಕರಿಗೆ ರಜೆ ಸಿಕ್ಕಿದ್ದು

ಮುಂದಿನ ವರ್ಷದಿಂದ ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ವಿಭಾಗಗಳವರು ಬರತೊಡಗಿದರು. ಮೊದಮೊದಲು ಅದು ಅವರವರ ಉತ್ಸಾಹದ ಮೇಲೆ ನಡೆಯಿತು. ಆದರೆ ಉತ್ಸಾಹ ಎಷ್ಟು ದಿನ ನಡೆದೀತು? ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿ ಶಾಲೆಯ ವಿಜ್ಞಾನ ಬೋಧನೆಯಲ್ಲಿ ತೊಡಗಲು ವಿಶ್ವವಿದ್ಯಾಲಯ ಅನುದಾನ ಆಯೋಗ ಫೆಲೋಶಿಪ್ ಕೊಟ್ಟಿತು. ಟಾಟಾ ಸಂಸ್ಥೆಯೂ ತನ್ನ ವಿಜ್ಞಾನಿಗಳಿಗೆ ಅವಕಾಶ ಮಾಡಿಕೊಟ್ಟಿತು. ಹಳ್ಳಿಯಲ್ಲಿ ಕಳೆದ ದಿನಗಳೂ ಹೀಗೆ ಕೆಲಸದ ದಿನಗಳಾದವು. ಶಾಲೆ ಮತ್ತು ವಿಶ್ವವಿದ್ಯಾಲಯದ ಪಾಲುದಾರಿಕೆ ಎಂದಾಗ ಒಡಂಬಡಿಕೆಗೆ ಸಹಿ ಹಾಕುವ ಸಮಾರಂಭ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ನಡೆಸಿಕೊಂಡು ಹೋಗುವುದು ಮಾತ್ರ ರಜೆಯ ಆದೇಶ, ಪ್ರಯಾಣ ಭತ್ಯೆ, ಹಾಜರಾತಿಯ ನಮೂದು. ಹೋಶಂಗಾಬಾದಿನವರು ಈ ಕಾಗದಪತ್ರಗಳಿಗಾಗಿ ಕಚೇರಿ ಅಲೆದರು.

ಬೇಸಿಗೆಯ ಮೂರು ವಾರ

ಶಿಕ್ಷಕರಿಗೆ ಬೇಸಿಗೆಯಲ್ಲಿ ಸುಮಾರು ಮೂರು ವಾರಗಳ ತರಬೇತಿ, ಒಂದೊಂದು ತರಗತಿಗೆ ಒಂದೊಂದು ಬೇಸಿಗೆಯಂತೆ ಮೂರು ವರ್ಷ. ಭಾಷಣಕ್ಕೆ ಅಲ್ಲಿ ಜಾಗ ಕಡಿಮೆ. ಮಕ್ಕಳು ನಾಲ್ವರ ಗುಂಪಿನಲ್ಲಿ ಕೂತು ಮಾಡಬೇಕಾದ ಪ್ರಯೋಗವನ್ನು ಶಿಕ್ಷಕರೇ ಗುಂಪು ಮಾಡಿಕೊಂಡು ಮೊದಲು ಮಾಡಿ ನೋಡಬೇಕು.

ಹೀಗೆ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಸೀಮೆಸುಣ್ಣದ ಪ್ರಯೋಗ ನೋಡಿ. ಒಂದು ಸೀಮೆಸುಣ್ಣದ ಬುಡದಿಂದ ಎರಡು ಬೆರಳು ಮೇಲೆ ಕಪ್ಪು ಶಾಯಿಯ ಚುಕ್ಕೆ ಇಟ್ಟು, ಚುಕ್ಕೆ ಮುಳುಗದ ಹಾಗೆ ತಟ್ಟೆಯ ನೀರಿನಲ್ಲಿ ನಿಲ್ಲಿಸಬೇಕು. ನೀರು ಸೀಮೆಸುಣ್ಣದೊಳಗೆ ಮೇಲೇರುತ್ತಾ ಚುಕ್ಕೆಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಒಂದೇ ಕಪ್ಪು ಎಂದುಕೊಂಡಿದ್ದು ನೀಲಿಯಾಗಿ, ಕೆಂಪಾಗಿ ಬೇರೆಬೇರೆ ಎತ್ತರದಲ್ಲಿ ಪಟ್ಟಿ ಕಟ್ಟುತ್ತದೆ. ಪುಸ್ತಕದ ಪ್ರಯೋಗ ಇಷ್ಟಕ್ಕೆ ಮುಗಿದೀತು. ಆದರೆ ಒಬ್ಬ ಶಿಕ್ಷಕ ಬಾಲ್‌ಪೆನ್ನಿನಿಂದ ಗೀಟು ಎಳೆದು ನಿಲ್ಲಿಸಿದರೆ ಅದು ಅಲುಗುವುದೇ ಇಲ್ಲ. ಯಾಕೆ? ಪಕ್ಕದಲ್ಲಿ ಕೂತ ಪ್ರಾಧ್ಯಾಪಕರು ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದ್ದು, ನೀರಿನಲ್ಲಿ ಕರಗದು ಎಂದು ಹೇಳಿ ಮುಗಿಸಬಹುದು. ನೀರಿನ ಬದಲು ಸ್ಪಿರಿಟ್ ಹಾಕಿ ನೋಡೋಣವೇ ಎಂದೂ ಕೇಳಬಹುದು. ಹೋಶಂಗಾಬಾದಿನ ತರಬೇತಿಯ ರೀತಿ ಎರಡನೆಯದು.

ಪಿಎಚ್‌ಡಿ ಮಾಡಿದವರೂ ಹಲವು ಪ್ರಶ್ನೆಗಳಿಗೆ ‘ಗೊತ್ತಿಲ್ಲ, ಮಾಡಿ ನೋಡೋಣ’ ಎನ್ನಬೇಕಾಗುತ್ತಿತ್ತು. ಇದನ್ನು ಕಣ್ಣಾರೆ ಕಂಡ ಶಿಕ್ಷಕ ತನ್ನ ತರಗತಿಯಲ್ಲಿ ಅದೇ ಮಾತು ಹೇಳಲು ಅಂಜುವುದಿಲ್ಲ. ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸುವ ಶಿಕ್ಷಕರಲ್ಲಿ ಹೆಚ್ಚಿನವರು ಉತ್ತರ ತಿಳಿಯದ ಭಯದಲ್ಲಿರುವವರು. ವಿಶ್ವವಿದ್ಯಾಲಯ ಶಾಲೆಗೆ ಕೊಡಬಹುದಾದದ್ದರಲ್ಲಿ ಈ ಭಯ ಬಿಡಿಸುವುದಕ್ಕಿಂತ ಹೆಚ್ಚಿನದು ನನಗೆ ತೋಚುವುದಿಲ್ಲ.

ಪುಸ್ತಕ, ಕಿಟ್, ಪರೀಕ್ಷೆ

‘ಬಾಲ ವೈಜ್ಞಾನಿಕ್’ ಎಂಬ ಹಿಂದಿ ಪುಸ್ತಕಗಳನ್ನು ಸರ್ಕಾರದ ಪಠ್ಯಪುಸ್ತಕ ನಿಗಮವೇ ಅಚ್ಚು ಹಾಕಿತು. ಅವುಗಳಲ್ಲಿ ಮಾಡಬೇಕಾದ ಕೆಲಸ ಇದೆ, ಪ್ರಶ್ನೆ ಇದೆ. ಉತ್ತರವನ್ನು ಮಕ್ಕಳು ತಾವು ಕಂಡದ್ದರಿಂದ ಬರೆದುಕೊಳ್ಳಬೇಕು. ಪ್ರತಿ ಶಾಲೆಗೂ ಕಿಟ್ ಬಂತು. ದುಬಾರಿ ಸಾಮಾನಿನ ಜಾಗಕ್ಕೆ ಊರಿನಲ್ಲಿ ಸಿಗುವುದೇ ಬಂತು: ಹೂವು ಬಿಡಿಸಿ ನೋಡುವ ಸೂಜಿಗೆ ಜಾಲಿಮುಳ್ಳು ಸಾಕು. ಆಟಿಕೆಗಳಿಂದ ವಿಜ್ಞಾನ ಕಲಿಸಿ ಹೆಸರಾದ ಅರವಿಂದ್ ಗುಪ್ತಾ 1978ರಲ್ಲಿ ಟೆಲ್ಕೋ ಕಾರ್ಖಾನೆಯಿಂದ ರಜೆ ಪಡೆದು ಇಲ್ಲಿಗೆ ಬಂದಿದ್ದರು. ಸೈಕಲ್ ವಾಲ್ವಿನ ರಬ್ಬರ್ ನಳಿಕೆಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಘನಾಕೃತಿ ಕಟ್ಟುವ ಅವರ ಕಲೆ ಹುಟ್ಟಿದ್ದು ಇಲ್ಲಿಯೇ.

8ನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಲು ಅವಕಾಶವಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಪರೀಕ್ಷೆ ಬದಲಾಗದೆ ಪಾಠ ಬದಲಾಗದು ಎಂಬ ಸತ್ಯ ಎಲ್ಲ ಶಿಕ್ಷಕರಿಗೂ ಗೊತ್ತು. ಅದನ್ನು ಸರ್ಕಾರದಿಂದ ಒಪ್ಪಿಸಿಕೊಂಡದ್ದು ಸಣ್ಣ ಮಾತಲ್ಲ.

ತಿಂಗಳ ಗೋಷ್ಠಿ

ತರಬೇತಿ ಮುಗಿಸಿ ಊರಿಗೆ ಮರಳಿದ ಶಿಕ್ಷಕ ಒಂಟಿಯಾಗುತ್ತಾನೆ. ಕಿಟ್ ಪೆಟ್ಟಿಗೆ ಬೀರುವಿನ ಮೇಲೆ ಸೇರುತ್ತದೆ. ಇದಕ್ಕೆ ಇವರು ಕಂಡುಕೊಂಡ ಉಪಾಯ, ಹತ್ತಿರದ ಶಾಲೆಗಳನ್ನು ಒಂದು ‘ಸಂಗಮ ಕೇಂದ್ರ’ಕ್ಕೆ ಸೇರಿಸಿ ತಿಂಗಳಿಗೊಮ್ಮೆ ಗೋಷ್ಠಿ ನಡೆಸುವುದು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು, ಯಾವ ಸಾಮಾನು ಮುಗಿಯಿತು ಎಂಬುದೇ ಅಲ್ಲಿಯ ಮಾತು. ಜೊತೆಗೆ ಅನುಭವಿ ಶಿಕ್ಷಕರು ಬೇರೆ ಶಾಲೆಗಳಿಗೆ ಹೋಗಿ ತರಗತಿಯಲ್ಲಿ ಕೂತು ಸಹಾಯ ಮಾಡುತ್ತಿದ್ದರು. ಬರಬರುತ್ತಾ ಹಳ್ಳಿ ಮೇಷ್ಟ್ರುಗಳೇ ಸಂಪನ್ಮೂಲ ವ್ಯಕ್ತಿಗಳಾಗಿ ಬೇಸಿಗೆ ತರಬೇತಿ ನಡೆಸುವಷ್ಟು ಬೆಳೆದರು.

ಮಕ್ಕಳಿಗೆ ಪತ್ರ ಬರೆಯಲು ‘ಸವಾಲಿರಾಮ್’ ಎಂಬ ಕಾಲ್ಪನಿಕ ಗೆಳೆಯನಿದ್ದ. ಸಾವಿರಾರು ಮಕ್ಕಳು ಅವನಿಗೆ ಪ್ರಶ್ನೆ ಕಳಿಸಿದರು, ಕಾರ್ಯಕ್ರಮದವರು ಉತ್ತರಿಸಿದರು.

ಬೆಳೆದದ್ದು, ನಿಂತದ್ದು

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹರಡಿತು. ಅದನ್ನು ಮುಂದುವರಿಸಲು 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿತು. ನಿಲ್ಲುವ ಹೊತ್ತಿಗೆ 15 ಜಿಲ್ಲೆಗಳ 800ಕ್ಕೂ ಹೆಚ್ಚು ಶಾಲೆಗಳಿಗೆ ತಲುಪಿತ್ತು.

2002ರ ಜುಲೈನಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮಕ್ಕಳ ಫಲಿತಾಂಶ ಹಿಂದೆ ಬೀಳುತ್ತಿದೆ, ರಾಜ್ಯಕ್ಕೆಲ್ಲ ಒಂದೇ ಪುಸ್ತಕ ಇರಲಿ ಎಂಬ ವಾದಗಳು ಜಿಲ್ಲೆಯ ರಾಜಕಾರಣದಲ್ಲಿ ಬಲ ಪಡೆದಿದ್ದವು. ದೇಶದ ಹಲವೆಡೆಯ ವಿಜ್ಞಾನಿಗಳು, ಶಿಕ್ಷಣತಜ್ಞರು ಪ್ರತಿಭಟಿಸಿದರೂ ಆದೇಶ ಬದಲಾಗಲಿಲ್ಲ. ಮೂವತ್ತು ವರ್ಷದ ಕೆಲಸ ನಿಲ್ಲಿಸಲು ಒಂದು ಕಾಗದ ಸಾಕಾಯಿತು ಎಂಬುದು ನೋವಿನ ಸಂಗತಿ. ಹೊಸ ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳೊಳಗೆ ಈ ವಿಧಾನ ಬೇರೂರಿದ್ದರೆ, ಆದೇಶ ಬಂದಮೇಲೂ ಅದನ್ನು ಬಲ್ಲವರು ಶಾಲೆಗೆ ಬರುತ್ತಲೇ ಇರುತ್ತಿದ್ದರು.

ಕರ್ನಾಟಕದಲ್ಲಿ

ನಮ್ಮಲ್ಲಿ ಬೇಕಾದ ಸಾಮಗ್ರಿ ಇಲ್ಲದಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ವಿಜ್ಞಾನ ಪದವಿ ಮತ್ತು ಶಿಕ್ಷಕ ತರಬೇತಿಯನ್ನು ನಾಲ್ಕು ವರ್ಷದ ಒಂದೇ ಕೋರ್ಸಿನಲ್ಲಿ ಕೊಡುತ್ತಿದೆ, ಆವರಣದಲ್ಲೇ ಅದರ ಶಾಲೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಸುತ್ತದೆ. ಜಿಲ್ಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್‌ಗಳಿವೆ, ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆಗಳಿವೆ. ಆ ಸಭೆಗಳು ಸುತ್ತೋಲೆ ಓದುವುದಕ್ಕೇ ಮುಗಿದುಹೋಗುತ್ತವೆ ಎಂಬುದು ಶಿಕ್ಷಕರ ಹಳೆಯ ದೂರು. ಅಲ್ಲಿ ಒಂದು ಗಂಟೆಯನ್ನು ಪ್ರಯೋಗಕ್ಕೆ ಮೀಸಲಿಟ್ಟು, ಹತ್ತಿರದ ಪದವಿ ಕಾಲೇಜಿನ ಒಬ್ಬ ಉಪನ್ಯಾಸಕರು ಅನ್ಯಕಾರ್ಯ ನಿಮಿತ್ತದ ಮೇಲೆ ಪ್ರತಿ ತಿಂಗಳೂ ಅದೇ ಕ್ಲಸ್ಟರಿಗೆ ಬರುವಂತೆ ಇಲಾಖೆ ಆದೇಶ ಹೊರಡಿಸಿದರೆ ಕೆಲಸ ಶುರುವಾಗುತ್ತದೆ. ಮೊದಲ ಸಭೆಗೆ ತಟ್ಟೆ, ನೀರು, ಶಾಯಿ ಮತ್ತು ಒಂದು ಡಬ್ಬಿ ಸೀಮೆಸುಣ್ಣ ಸಾಕು.