ಹೂಕಣಿವೆ ಮತ್ತು ಮಳೆಗೆ ಸಿಕ್ಕ ಹೆಸರು

ದಿಲ್ಲಿಗೆ ಬಂದು ಇಷ್ಟು ವರ್ಷವಾದರೂ ಉತ್ತರಾಖಂಡದ ಹೂಕಣಿವೆ ನೋಡಿರಲಿಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ಅಂತೂ ರಜೆ ಸಿಕ್ಕಿತು. ಕಣಿವೆಯೊಳಗೆ ರಾತ್ರಿ ಉಳಿಯುವಂತಿಲ್ಲ. ಘಂಗರಿಯಾದಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು.

ಏಳು ಗಂಟೆಗೆ ಹೊರಟಾಗ ಒಳ್ಳೆ ಬಿಸಿಲು. ಪುಷ್ಪಾವತಿ ನದಿಯ ಸೇತುವೆ ದಾಟಿ ಭೂರ್ಜ ಮರಗಳ ನಡುವೆ ಏರುವಾಗ ಸ್ವೆಟರ್ ಬಿಚ್ಚಿದೆ. ಹತ್ತಕ್ಕೆ ಮಂಜು ಇಳಿಯಿತು, ಹನ್ನೊಂದಕ್ಕೆ ಮಳೆ. ಮಲೆನಾಡಿನವನಿಗೆ ಮಳೆ ಏನು ಮಹಾ ಅಂದುಕೊಂಡಿದ್ದೆ! ಆದರೆ ಮೂರು ಸಾವಿರ ಮೀಟರ್ ಮೇಲಿನ ಮಳೆ ಮೂಳೆಗೇ ಇಳಿಯುತ್ತೆ ಸ್ವಾಮಿ. ಅರ್ಧ ಗಂಟೆಗೆ ಮತ್ತೆ ಬಿಸಿಲು, ಎದುರಿಗೆ ಸೊಂಟದೆತ್ತರದ ಗುಲಾಬಿ ಹೂಗಳು.

ಈ ಕಣಿವೆಗೆ ಜಗತ್ತಿನಲ್ಲಿ ಹೆಸರು ಬಂದದ್ದೂ ಇಂಥದ್ದೇ ಕೆಟ್ಟ ಹವೆಯಿಂದ. 1931ರ ಜೂನ್‌ನಲ್ಲಿ ಫ್ರಾಂಕ್ ಸ್ಮೈಥ್, ಎರಿಕ್ ಶಿಪ್ಟನ್, ಹೋಲ್ಡ್ಸ್‌ವರ್ತ್ ಮೊದಲಾದ ಬ್ರಿಟಿಷರ ತಂಡ 7,756 ಮೀಟರ್ ಎತ್ತರದ ಕಾಮೆಟ್ ಶಿಖರ ಹತ್ತಿತು. ಅಲ್ಲಿಯವರೆಗೆ ಮನುಷ್ಯ ಮುಟ್ಟಿದ ಶಿಖರಗಳಲ್ಲಿ ಅದೇ ಅತಿ ಎತ್ತರದ್ದು. ಇಳಿದ ಮೇಲೆ ಧೌಲಿ ಕಡೆಯಿಂದ ಭ್ಯುಂದಾರ್ ಕಣಿವೆಗೆ ಬರಲು ಘಾಟಿ ದಾಟಿದರು. ಮೇಲೆ ಚಳಿಗಾಳಿ, ಮಳೆ. ಕೆಳಗೆ ಇಳಿದರೆ ಕಾಲಿಡಲು ಜಾಗವಿಲ್ಲದಷ್ಟು ಹೂವು. ಸ್ಮೈಥ್‌ಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. 1937ರಲ್ಲಿ ಮತ್ತೆ ಬಂದು ಡೇರೆ ಹಾಕಿ ಗಿಡ, ಬೀಜ ಸಂಗ್ರಹಿಸಿದ. 1938ರಲ್ಲಿ ಆತ ಬರೆದ ಪುಸ್ತಕದ ಹೆಸರೇ 'ದಿ ವ್ಯಾಲಿ ಆಫ್ ಫ್ಲವರ್ಸ್'. ಭ್ಯುಂದಾರ್ ಎಂಬ ಹೆಸರು ಹಿಂದಕ್ಕೆ ಸರಿಯಿತು.

ಮುಂದಿನ ವರ್ಷವೇ ಜೋನ್ ಮಾರ್ಗರೇಟ್ ಲೆಗ್ ಎಂಬ ಮಹಿಳೆ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕಾಗಿ ಗಿಡಗಳನ್ನು ಹುಡುಕಿಕೊಂಡು ಬಂದಳು. 1939ರ ಜುಲೈ 4ರಂದು ಬಂಡೆ ಇಳಿಜಾರಿನಲ್ಲಿ ಕಾಲು ಜಾರಿ ಸತ್ತಳು. ಸಮಾಧಿ ಅಲ್ಲೇ ಇದೆ. ಆಮೇಲೆ ಅಕ್ಕತಂಗಿಯರಲ್ಲಿ ಒಬ್ಬಳು ಬಂದು ಕಲ್ಲು ಹಾಕಿಸಿದಳಂತೆ. ಕಲ್ಲಿನ ಮೇಲೆ ಹುಟ್ಟಿದ ದಿನವೂ ಇದೆ, 1885ರ ಫೆಬ್ರವರಿ 21. ಲೆಕ್ಕ ಹಾಕಿದೆ, ಐವತ್ನಾಲ್ಕು. ಹೆಚ್ಚುಕಡಿಮೆ ನನ್ನದೇ ವಯಸ್ಸು! ಒದ್ದೆ ಕಲ್ಲಿನ ಮೇಲೆ ನನ್ನ ಹೆಜ್ಜೆ ತಾನಾಗೇ ನಿಧಾನವಾಯಿತು.

ಅಲ್ಲೇ ಬುತ್ತಿ ಬಿಚ್ಚಿದಾಗ, "ಇದನ್ನ ಕಂಡುಹಿಡಿದದ್ದು ಸ್ಮೈಥ್ ಅಲ್ವಾ?" ಅಂತ ಗೈಡ್ ಹುಡುಗನನ್ನು ಕೇಳಿದೆ. ಅವನು ಕೆಳಗಿನ ಭ್ಯುಂದಾರ್ ಹಳ್ಳಿಯವನು. ನಕ್ಕ. "ನಮ್ಮ ದಾದಾಜಿ ಇಲ್ಲೇ ಕುರಿ ಮೇಯಿಸ್ತಿದ್ರು ಸಾಬ್, ಅವರ ಅಪ್ಪಾನೂ" ಅಂದ.

ಪ್ರಶ್ನೆ ಕೇಳಿದ ನನಗೇ ನಾಚಿಕೆಯಾಯಿತು. ಬೇಸಿಗೆ ಬಂತೆಂದರೆ ಕುರಿ, ದನ ಹೊಡೆದುಕೊಂಡು ಈ ಹುಲ್ಲುಗಾವಲಿಗೆ ಬರುವುದು ಆ ಹಳ್ಳಿಗಳವರಿಗೆ ತಲೆಮಾರುಗಳ ರೂಢಿ, ನಮ್ಮ ಊರುಗಳ ಗೋಮಾಳದ ಹಾಗೆ. 1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು, ಮೇಯಿಸುವುದು ನಿಂತಿತು. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ತಮಾಷೆ ಅಂದರೆ, ಕುರಿಗಳು ಹೋದ ಮೇಲೆ ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಬೇರೆ ಹೂಗಳನ್ನು ಮುಚ್ಚತೊಡಗಿತು ಎಂದು ಕೆಲವು ಸಸ್ಯತಜ್ಞರು ಹೇಳಿದರು. ಹಾಗೇನಿಲ್ಲ, ಮೇಯಿಸುವುದು ನಿಲ್ಲಿಸಿದ್ದರಿಂದ ನಷ್ಟವಾಗಿಲ್ಲ ಎಂದು ಇನ್ನು ಕೆಲವರು. ಅರಣ್ಯ ಇಲಾಖೆಯಂತೂ ಅದನ್ನು ಕೀಳಿಸಿದೆ. ಬಿಕಾಂ ಓದಿದ ನಾನು ಇದರಲ್ಲಿ ತೀರ್ಪು ಕೊಡಲಾರೆ. ಆದರೆ ಹೂಗಳನ್ನು ಉಳಿಸಬೇಕಾದರೆ ಆ ಹಳ್ಳಿಯವರನ್ನು ಪೂರಾ ಹೊರಗಿಡಲೇಬೇಕಿತ್ತೇ ಎಂಬ ಪ್ರಶ್ನೆಗೆ ಸಸ್ಯಶಾಸ್ತ್ರ ಓದಿರಬೇಕಿಲ್ಲ.

ಅಜ್ಜನ ಕಾಲದಲ್ಲಿ ಕುರಿ ಕೂಡುತ್ತಿದ್ದ ಜಾಗ ತೋರಿಸುತ್ತೇನೆ ಅಂದ ಹುಡುಗ. ಅತ್ತ ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಮತ್ತೆ ಮಂಜು ಮುಚ್ಚಿಕೊಂಡಿತು. ಮಳೆ ಜೋರಾಯಿತು. "ಇನ್ನು ನಿಲ್ಲೋದು ಬೇಡ ಸಾಬ್, ಗೇಟಿಗೆ ತಡವಾಗುತ್ತೆ" ಎಂದು ಅವನೇ ಅವಸರ ಮಾಡಿದ.